ಓದುಗರ ಲೆಕ್ಕ ಯಾರ ಬಳಿ ಇರಬೇಕು: ಗೂಗಲ್ ಬಳಿಯೋ, ನಮ್ಮ ಸರ್ವರ್‌ನಲ್ಲೋ?

ಪ್ರಶ್ನೆ: ನಾವು ಮೂವರು ಗೆಳೆಯರು 2016ರಿಂದ ಅಡಿಕೆ, ಕಾಳುಮೆಣಸು ಬೆಳೆಗಾರರಿಗಾಗಿ ಒಂದು ಕನ್ನಡ ವೆಬ್‌ಸೈಟ್ ನಡೆಸುತ್ತಿದ್ದೇವೆ. ಸೈಟ್ ಕಟ್ಟಿರುವುದು ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ, ಇಟ್ಟಿರುವುದು ಶೇರ್ಡ್ ಹೋಸ್ಟಿಂಗ್‌ನಲ್ಲಿ (ಹಲವು ಸೈಟ್‌ಗಳು ಹಂಚಿಕೊಳ್ಳುವ ಬಾಡಿಗೆ ಸರ್ವರ್). ಓದುಗರನ್ನು ಎಣಿಸಲು ಮೊದಲಿಂದಲೂ ಗೂಗಲ್ ಅನಲಿಟಿಕ್ಸ್ ಇತ್ತು. 2024ರಲ್ಲಿ ಹಳೆಯ ಲೆಕ್ಕವೆಲ್ಲ ಹೋಯಿತು, ಹೊಸ ಆವೃತ್ತಿ ನಮಗೆ ಅರ್ಥವಾಗುತ್ತಿಲ್ಲ. ಹೋಸ್ಟಿಂಗ್ ನಿರ್ವಹಣೆಯ ಪುಟವಾದ ಸಿಪ್ಯಾನೆಲ್‌ನಲ್ಲಿರುವ ಎಡಬ್ಲ್ಯೂಸ್ಟಾಟ್ಸ್ ಎಂಬ ಎಣಿಕೆ ಸಾಧನ ನೋಡಿದರೆ ಗೂಗಲ್‌ಗಿಂತ ಐದಾರು ಪಟ್ಟು ಜಾಸ್ತಿ ಭೇಟಿ ತೋರಿಸುತ್ತದೆ. ಒಬ್ಬ ಗೆಳೆಯ ನಮ್ಮದೇ ಹೋಸ್ಟಿಂಗ್‌ನಲ್ಲಿ ಮಟೊಮೊ ಎಂಬ ಎಣಿಕೆ ತಂತ್ರಾಂಶ ಹಾಕೋಣ ಎನ್ನುತ್ತಾನೆ. ಇನ್ನೊಬ್ಬ ಸುಮ್ನೆ ತಲೆನೋವು ಯಾಕೆ, ಗೂಗಲ್ಲೇ ಇರಲಿ ಎನ್ನುತ್ತಾನೆ. ಯಾವ ಸಂಖ್ಯೆ ನಂಬಬೇಕು? ಯಾವುದನ್ನು ಇಟ್ಟುಕೊಳ್ಳಬೇಕು?

ಉತ್ತರ: ಮೊದಲು ತೀರ್ಮಾನ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಿಮ್ಮ ಸೈಟಿಗೆ ಮಟೊಮೊ ಸರಿ. ಆದರೆ ಒಂದು ಷರತ್ತು ಇದೆ. ಅದನ್ನು ನೋಡಿಕೊಳ್ಳುವ ಕೆಲಸ ನಿಮ್ಮ ಮೂವರಲ್ಲಿ ಯಾರದು ಎಂದು ಮೊದಲೇ ನಿರ್ಧಾರ ಆಗಿರಬೇಕು. ಎಲ್ಲರೂ ಸೇರಿ ನೋಡಿಕೊಳ್ಳೋಣ ಎಂದರೆ ಯಾರೂ ನೋಡುವುದಿಲ್ಲ. ಅಂಥ ಒಬ್ಬರು ಸಿಗದಿದ್ದರೆ ತಿಂಗಳಿಗೆ ಸ್ವಲ್ಪ ದುಡ್ಡು ಕೊಟ್ಟು ಒಂದು ಸರಳ ಸೇವೆ ತೆಗೆದುಕೊಳ್ಳಿ. ಗೂಗಲ್ ಒಂದನ್ನೇ ನೆಚ್ಚಿಕೊಂಡು ಕೂರುವುದು ಮಾತ್ರ ನಿಮ್ಮಂಥ ಸೈಟಿಗೆ ಹೊಂದುವುದಿಲ್ಲ. ಯಾಕೆಂದರೆ ನಿಮಗೆ ಬೇಕಾದದ್ದು ಈ ವರ್ಷದ ಮುಂಗಾರನ್ನು ಹೋದ ವರ್ಷದ, ಅದರ ಹಿಂದಿನ ವರ್ಷದ ಮುಂಗಾರಿನ ಜೊತೆ ಇಟ್ಟು ನೋಡಬಹುದಾದ ಲೆಕ್ಕ. ಆ ಲೆಕ್ಕ ಉಳಿಯಬೇಕೋ ಅಳಿಯಬೇಕೋ ಎಂದು ಇನ್ನೊಬ್ಬರು ತೀರ್ಮಾನಿಸುವಂತಿರಬಾರದು.

ಈಗ ಐದಾರು ಪಟ್ಟಿನ ವ್ಯತ್ಯಾಸಕ್ಕೆ ಬರೋಣ. ಎಡಬ್ಲ್ಯೂಸ್ಟಾಟ್ಸ್ ಆಗಲಿ ಗೂಗಲ್ ಆಗಲಿ ನಿಮಗೆ ಸುಳ್ಳು ಹೇಳುತ್ತಿಲ್ಲ. ಅವೆರಡೂ ಎಣಿಸುತ್ತಿರುವ ವಸ್ತುವೇ ಬೇರೆ ಬೇರೆ.

ಎಡಬ್ಲ್ಯೂಸ್ಟಾಟ್ಸ್ ಓದುವುದು ಸರ್ವರ್‌ನ ಲಾಗ್ ಫೈಲನ್ನು. ನಿಮ್ಮ ಸರ್ವರ್‌ನ ಬಳಿ ಯಾರು ಏನೇ ಕೇಳಿದರೂ ಅಲ್ಲಿ ಒಂದು ಸಾಲು ಬೀಳುತ್ತದೆ. ಯಾವ ಐಪಿ ವಿಳಾಸ (ಅಂತರ್ಜಾಲದಲ್ಲಿ ಸಾಧನದ ಸಂಖ್ಯೆ), ಎಷ್ಟು ಹೊತ್ತಿಗೆ, ಯಾವ ಪುಟ ಕೇಳಿತು, ಸಿಕ್ಕಿತೋ ಇಲ್ಲವೋ, ಯಾವ ಕೊಂಡಿ ಹಿಡಿದು ಬಂತು, ಬಂದದ್ದು ಯಾವ ಬ್ರೌಸರ್, ಇವೆಲ್ಲ ಆ ಸಾಲಿನಲ್ಲಿರುತ್ತವೆ. ಬ್ರೌಸರ್ ಯಾವುದು ಎನ್ನುವುದು ಬಂದವರು ತಾವೇ ಕೊಟ್ಟುಕೊಂಡ ಪರಿಚಯ, ಅದನ್ನು ಯಾರೂ ಪರೀಕ್ಷಿಸುವುದಿಲ್ಲ. ಬಾಟ್ ಎಂದರೆ ತಾನಾಗಿ ಪುಟ ತೆರೆಯುವ ತಂತ್ರಾಂಶ. ಗೂಗಲ್‌ಬಾಟ್, ಬಿಂಗ್‌ಬಾಟ್‌ನಂಥವು ನಿಜ ಹೆಸರು ಹೇಳಿಕೊಂಡೇ ಬರುತ್ತವೆ, ಎಡಬ್ಲ್ಯೂಸ್ಟಾಟ್ಸ್ ಅವನ್ನು ಪಕ್ಕಕ್ಕೆ ಹಾಕುತ್ತದೆ. ಆದರೆ ಕ್ರೋಮ್ ಎಂದು ಹೇಳಿಕೊಂಡು ಬರುವ ಬಾಟ್‌ಗಳು ಬೇಕಾದಷ್ಟಿವೆ. ಅವೆಲ್ಲ ಮನುಷ್ಯರ ಲೆಕ್ಕಕ್ಕೆ ಸೇರಿಬಿಡುತ್ತವೆ. ನಿಮ್ಮ ಲಾಗ್ ತೆರೆದು ನೋಡಿ. ವರ್ಡ್‌ಪ್ರೆಸ್ ಲಾಗಿನ್ ಪುಟವನ್ನು ಪದೇ ಪದೇ ತಟ್ಟುವ ಸಾಲುಗಳು ಕಣ್ಣಿಗೆ ಬಿದ್ದೇ ಬೀಳುತ್ತವೆ. ಅದು ಪಾಸ್‌ವರ್ಡ್ ಊಹಿಸಲು ನೋಡುವ ಯಂತ್ರಗಳ ಕೆಲಸ. 2023ರಿಂದ ಈಚೆಗೆ ಎಐ ಕಂಪನಿಗಳ ಬಾಟ್‌ಗಳೂ ಸೇರಿಕೊಂಡಿವೆ. ಪುಟಗಳನ್ನು ಒಂದರ ಹಿಂದೊಂದರಂತೆ ಬಾಚಿಕೊಂಡು ಹೋಗುವುದು ಅವುಗಳ ರೀತಿ.

ಲಾಗ್‌ನಲ್ಲಿ ಜನರನ್ನು ಬೇರೆ ಬೇರೆಯಾಗಿ ಗುರುತಿಸಲು ಇರುವ ದಾರಿ ಮುಖ್ಯವಾಗಿ ಐಪಿ ವಿಳಾಸ. ಮೊಬೈಲ್ ಕಾಲದಲ್ಲಿ ಅದು ಗಟ್ಟಿ ಆಧಾರವಲ್ಲ. ನಮ್ಮ ಮೊಬೈಲ್ ಕಂಪನಿಗಳು ಎಷ್ಟೋ ಜನರನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ಹಾಗೆಯೇ ಒಬ್ಬರದೇ ವಿಳಾಸ ದಿನಕ್ಕೆ ಹಲವು ಬಾರಿ ಬದಲಾಗುತ್ತದೆ. ಆದ್ದರಿಂದ ಎಡಬ್ಲ್ಯೂಸ್ಟಾಟ್ಸ್‌ನಲ್ಲಿ ತಿಂಗಳ ಒಟ್ಟು ಸಂದರ್ಶಕರು ಎಂದು ಕಾಣುವ ಅಂಕಿಯನ್ನು ಯಾರಿಗೂ ಹೇಳಬೇಡಿ. ಜಾಹೀರಾತುದಾರರಿಗಂತೂ ಬೇಡವೇ ಬೇಡ.

ಗೂಗಲ್ ಅನಲಿಟಿಕ್ಸ್ ಎಣಿಸುವ ರೀತಿ ಇದಕ್ಕೆ ತಿರುಗುಮುರುಗು. ಪುಟದಲ್ಲಿ ಒಂದು ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಇರುತ್ತದೆ. ಅದು ಓದುಗರ ಫೋನಿಗೆ ಇಳಿದು, ಓಡಿ, ಗೂಗಲ್‌ಗೆ ಸುದ್ದಿ ಕಳಿಸಿದರೆ ಮಾತ್ರ ಎಣಿಕೆ. ಹೆಚ್ಚಿನ ಬಾಟ್‌ಗಳು ಸ್ಕ್ರಿಪ್ಟ್ ಓಡಿಸುವುದಿಲ್ಲ, ಹಾಗಾಗಿ ಅವು ಇಲ್ಲಿ ಕಾಣುವುದೇ ಇಲ್ಲ. ಆದರೆ ಕೆಲವು ನಿಜವಾದ ಓದುಗರೂ ಕಾಣುವುದಿಲ್ಲ. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಹಾಕಿಕೊಂಡವರು, ಬ್ರೇವ್ ಬ್ರೌಸರ್ ಬಳಸುವವರು ಲೆಕ್ಕದಿಂದ ಹೊರಗೆ ಉಳಿಯುತ್ತಾರೆ. ಸಫಾರಿ ಬ್ರೌಸರ್ ಜಾವಾಸ್ಕ್ರಿಪ್ಟ್ ಇಟ್ಟ ಕುಕಿಯನ್ನು (ಓದುಗರನ್ನು ಮತ್ತೆ ಗುರುತಿಸಲು ಫೋನಿನಲ್ಲಿಡುವ ಸಣ್ಣ ಗುರುತು) 7 ದಿನಕ್ಕೇ ಅಳಿಸುತ್ತದೆ. ಹತ್ತು ದಿನ ಬಿಟ್ಟು ಬಂದ ಹಳೆಯ ಓದುಗರು ಅಲ್ಲಿ ಹೊಸಬರಾಗುತ್ತಾರೆ.

ನಿಮಗೆ ಇದರಲ್ಲಿ ಇನ್ನೂ ಒಂದು ಮುಖ್ಯ ವಿಚಾರವಿದೆ. ಗೂಗಲ್‌ನ ಸ್ಕ್ರಿಪ್ಟ್ ಒತ್ತಿ ಸಣ್ಣದು ಮಾಡಿದ ಮೇಲೂ 100 ಕೆಬಿಗಿಂತ ಜಾಸ್ತಿ ತೂಗುತ್ತದೆ. ತೋಟದಲ್ಲಿ ನಿಂತು ಒಂದೇ ಕಡ್ಡಿ ಸಿಗ್ನಲ್ ಹಿಡಿದು ನಿಮ್ಮ ಲೇಖನ ತೆರೆದವರಿಗೆ ಅಕ್ಷರಗಳು ಮೊದಲು ಬರುತ್ತವೆ, ಸ್ಕ್ರಿಪ್ಟ್ ಕೊನೆಗೆ ಬರಬಹುದು, ಬರದೆಯೂ ಇರಬಹುದು. ಅಷ್ಟರಲ್ಲಿ ಅವರು ಬೇಕಾದಷ್ಟು ಓದಿಕೊಂಡು ಫೋನ್ ಜೇಬಿಗೆ ಹಾಕಿರುತ್ತಾರೆ. ಅಂದರೆ ಗೂಗಲ್ ಲೆಕ್ಕದಲ್ಲಿ ತಪ್ಪಿಹೋಗುವವರು ಎಲ್ಲ ಬಗೆಯ ಓದುಗರಲ್ಲೂ ಸಮನಾಗಿ ಇರುವುದಿಲ್ಲ. ನಿಮ್ಮ ಸೈಟ್ ಯಾರಿಗಾಗಿ ಇದೆಯೋ ಅವರೇ ಹೆಚ್ಚಾಗಿ ತಪ್ಪಿಹೋಗುವ ಸಾಧ್ಯತೆ ಇದೆ. ಎಷ್ಟು ಜನ ಎನ್ನುವುದಕ್ಕಿಂತ ಯಾರು ಬಿಟ್ಟುಹೋಗಿದ್ದಾರೆ ಎನ್ನುವುದು ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ.

ನಿಜ ಸಂಖ್ಯೆ ಎರಡರ ನಡುವೆ ಎಲ್ಲೋ ಇರುತ್ತದೆ. ಸಾಮಾನ್ಯವಾಗಿ ಗೂಗಲ್ ಹೇಳುವುದಕ್ಕೇ ಹತ್ತಿರ, ಅದಕ್ಕಿಂತ ಸ್ವಲ್ಪ ಮೇಲೆ. ನೀವೇ ಅಂದಾಜು ಮಾಡಬಹುದು. ಈಚೆಗೆ ಪ್ರಕಟಿಸಿದ ಒಂದು ಲೇಖನ ಆರಿಸಿಕೊಳ್ಳಿ. ಅದರಲ್ಲಿ ಬೇರೆಲ್ಲೂ ಬಳಸದ ಒಂದು ಚಿತ್ರ ಇರಲಿ. ಲಾಗ್‌ನಲ್ಲಿ ಪುಟವನ್ನು ಎಷ್ಟು ಸಲ ಕೇಳಲಾಗಿದೆ, ಆ ಚಿತ್ರವನ್ನು ಎಷ್ಟು ಸಲ ಕೇಳಲಾಗಿದೆ ಎಂದು ನೋಡಿ. ಬರಿ ಅಕ್ಷರ ಬಾಚುವ ಬಾಟ್‌ಗಳು ಚಿತ್ರ ಕೇಳುವುದು ಕಡಿಮೆ. ಎರಡರ ನಡುವಿನ ಅಂತರ ನೋಡಿದರೆ ಯಂತ್ರಗಳ ಪಾಲು ಎಷ್ಟು ಎಂಬುದು ಸುಮಾರಾಗಿ ತಿಳಿಯುತ್ತದೆ. ಸೈಟಿನ ಮುಂದೆ ಕ್ಲೌಡ್‌ಫ್ಲೇರ್‌ನಂಥ ಸಿಡಿಎನ್ (ಪುಟದ ಪ್ರತಿಗಳನ್ನು ಇಟ್ಟುಕೊಂಡು ತಾನೇ ಕೊಡುವ ಸೇವೆ) ಇದ್ದರೆ ಈ ಲೆಕ್ಕ ನಡೆಯುವುದಿಲ್ಲ, ಯಾಕೆಂದರೆ ಚಿತ್ರಗಳನ್ನು ಅದೇ ಕೊಟ್ಟು ಕಳಿಸುತ್ತದೆ, ನಿಮ್ಮ ಲಾಗ್‌ಗೆ ಸುದ್ದಿಯೇ ಬರುವುದಿಲ್ಲ.

ಲಾಗ್ ತೆರೆದಾಗ ಇನ್ನೊಂದು ಕಾಣುತ್ತದೆ, ಗಾಬರಿಯಾಗಬೇಡಿ. ಲೇಖನದ ವಿಳಾಸ ಕನ್ನಡದಲ್ಲಿದ್ದರೆ ಅದು ಲಾಗ್‌ನಲ್ಲಿ % ಗುರುತುಗಳ ಉದ್ದನೆಯ ಸಾಲಾಗಿರುತ್ತದೆ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ ಮೂರು ಬೈಟ್ ಬೇಕು. ವಿಳಾಸದಲ್ಲಿ ಬರೆಯುವಾಗ ಅದು ಒಂಬತ್ತು ಅಕ್ಷರಗಳಾಗಿ ಹಿಗ್ಗುತ್ತದೆ. ಒತ್ತಕ್ಷರ, ಗುಣಿತ ಎಲ್ಲ ಪ್ರತ್ಯೇಕ ಚಿಹ್ನೆಗಳೇ. ವರ್ಡ್‌ಪ್ರೆಸ್ ವಿಳಾಸಕ್ಕೆ 200 ಅಕ್ಷರದ ಮಿತಿ ಇಟ್ಟಿದೆ. ಹಾಗಾಗಿ ಸುಮಾರು 22 ಚಿಹ್ನೆ ದಾಟಿದ ಕನ್ನಡ ಶೀರ್ಷಿಕೆ ಅಲ್ಲಿಗೇ ಕತ್ತರಿಸಿಹೋಗುತ್ತದೆ. ಮೊದಲ 22 ಚಿಹ್ನೆಗಳು ಒಂದೇ ಆಗಿರುವ ನಾಲ್ಕು ಲೇಖನಗಳಿದ್ದರೆ ವಿಳಾಸ ಒಂದೇ ತರಹ ಇದ್ದು, ಕೊನೆಯಲ್ಲಿ 2, 3, 4 ಎಂದು ಮಾತ್ರ ಬದಲಾಗುತ್ತದೆ. ವರದಿಯಲ್ಲಿ ಅವನ್ನು ಬೇರೆ ಮಾಡಿ ಓದುವುದು ಕಷ್ಟ. ನಿಮ್ಮ ಸಾಧನ ಯಾವುದೇ ಇರಲಿ, ವಿಳಾಸದ ವರದಿ ಬಿಟ್ಟು ಪುಟದ ಶೀರ್ಷಿಕೆಯ ವರದಿಯನ್ನೇ ನೋಡಿ. ಮುಂದಿನ ಲೇಖನಗಳಿಗೆ ಚಿಕ್ಕ ವಿಳಾಸ ಕೊಡಿ. ಹಳೆಯವನ್ನು ಮುಟ್ಟಬೇಡಿ, ಹುಡುಕಾಟದಲ್ಲಿ ಬರುವವರು ದಾರಿ ತಪ್ಪಬಹುದು.

ಗೂಗಲ್ ವಿಷಯಕ್ಕೆ ಬರುತ್ತೇನೆ. 2005ರಲ್ಲಿ ಗೂಗಲ್ ಅರ್ಚಿನ್ ಎಂಬ ಕಂಪನಿಯನ್ನು ಕೊಂಡು, ಅದೇ ವರ್ಷ ಅನಲಿಟಿಕ್ಸ್ ಅನ್ನು ಪುಕ್ಕಟೆಯಾಗಿ ಬಿಟ್ಟಿತು. ಅದಕ್ಕೆ ಮೊದಲು ಈ ಗುಣಮಟ್ಟದ ಲೆಕ್ಕಕ್ಕೆ ದೊಡ್ಡ ಮೊತ್ತ ಕೊಡಬೇಕಿತ್ತು. ಸಣ್ಣ ಸೈಟ್‌ಗಳಿಗೆ ಅದು ನಿಜಕ್ಕೂ ದೊಡ್ಡ ಉಪಕಾರವಾಗಿತ್ತು, ಅದನ್ನು ಮರೆಯಬಾರದು. ಆದರೆ 2023ರ ಜುಲೈ 1ರಂದು ಅದರ ಹಳೆಯ ಆವೃತ್ತಿಯಾದ ಯೂನಿವರ್ಸಲ್ ಅನಲಿಟಿಕ್ಸ್ ಎಣಿಸುವುದನ್ನು ನಿಲ್ಲಿಸಿತು. 2024ರ ಜುಲೈ 1ರ ನಂತರ ಅಲ್ಲಿದ್ದ ಹಳೆಯ ಲೆಕ್ಕ ನೋಡುವ ದಾರಿಯೂ ಮುಚ್ಚಿತು. ನಡುವೆ ಒಂದು ವರ್ಷ ಇಳಿಸಿಕೊಳ್ಳಲು ಸಮಯವಿತ್ತು ಎನ್ನುವುದು ನಿಜ. ಆದರೆ ತೋಟ, ಮನೆ, ನೌಕರಿಯ ನಡುವೆ ಸೈಟ್ ನಡೆಸುವವರು ಅಂಥ ಸೂಚನೆಗಳನ್ನು ಓದಿ ಎಲ್ಲವನ್ನೂ ಫೈಲ್ ಮಾಡಿಕೊಳ್ಳುತ್ತಾರೆ ಎಂದು ನಿರೀಕ್ಷಿಸುವುದು ಸರಿಯೇ? ನಿಮ್ಮ ಏಳು ವರ್ಷದ ಲೆಕ್ಕ ಹೋದದ್ದಕ್ಕೆ ನೀವು ಬೇಸರ ಮಾಡಿಕೊಳ್ಳುವುದು ನ್ಯಾಯವೇ.

ಈಗಿನ ಆವೃತ್ತಿ ಜಿಎ4 (ಗೂಗಲ್ ಅನಲಿಟಿಕ್ಸ್ 4) ಬೇರೆಯೇ ಯಂತ್ರ. ಅದು ಪ್ರತಿಯೊಂದನ್ನೂ ಘಟನೆ ಎಂದು ಎಣಿಸುತ್ತದೆ: ಪುಟ ತೆರೆದದ್ದು ಒಂದು ಘಟನೆ, ಕೆಳಗೆ ಸರಿಸಿದ್ದು ಒಂದು ಘಟನೆ, ಕೊಂಡಿ ಒತ್ತಿದ್ದು ಇನ್ನೊಂದು. ಅಂಗಡಿ ಇಟ್ಟವರಿಗೆ ಇದು ಅನುಕೂಲ. ಲೇಖನ ಬರೆಯುವವರಿಗೆ ಯಾವ ಲೇಖನ ಎಷ್ಟು ಜನ ಓದಿದರು ಎಂಬ ಸರಳ ಪ್ರಶ್ನೆಗೂ ಮೂರು ಮೆನು ದಾಟಬೇಕು. ಅರ್ಥವಾಗದಿರುವುದು ನಿಮ್ಮ ಕೊರತೆಯಲ್ಲ. ನೀವು ಅದನ್ನು ಇನ್ನೂ ಕೆಲವು ತಿಂಗಳು ಇಟ್ಟುಕೊಳ್ಳುವುದಾದರೆ ಸೆಟ್ಟಿಂಗ್ಸ್‌ನಲ್ಲಿ ಒಂದು ಬದಲಾವಣೆ ಇವತ್ತೇ ಮಾಡಿ. ಬಳಕೆದಾರರ ಮಟ್ಟದ ಡೇಟಾವನ್ನು ಅದು ಮೊದಲ ಸ್ಥಿತಿಯಲ್ಲಿ 2 ತಿಂಗಳು ಮಾತ್ರ ಇಟ್ಟುಕೊಳ್ಳುತ್ತದೆ. ಅದನ್ನು 14 ತಿಂಗಳಿಗೆ ಏರಿಸಬಹುದು. ಪುಕ್ಕಟೆ ಖಾತೆಯಲ್ಲಿ ಅದಕ್ಕಿಂತ ಮುಂದೆ ಹೋಗುವಂತಿಲ್ಲ. ಮಾಮೂಲಿ ಮೊತ್ತದ ವರದಿಗಳಿಗೆ ಈ ಮಿತಿ ತಾಗುವುದಿಲ್ಲ. ನೀವೇ ಕೂತು ಬಿಡಿಸಿ ನೋಡುವ ಎಕ್ಸ್‌ಪ್ಲೊರೇಶನ್ ವರದಿಗಳಿಗೆ ತಾಗುತ್ತದೆ. ಈ ಮುಂಗಾರಿನ ಒಂದು ತಿಂಗಳನ್ನು ಹೋದ ಮುಂಗಾರಿನ ಅದೇ ತಿಂಗಳ ಜೊತೆ ಹೋಲಿಸಲು 14 ತಿಂಗಳು ಹೇಗೋ ಸಾಕು. ಮೂರು ಮುಂಗಾರು ಹೋಲಿಸಲು ಸಾಲದು.

ಗೂಗಲ್ ಒಳಗಿಂದಲೇ ಕಚ್ಚಾ ಲೆಕ್ಕ ಹೊರತೆಗೆಯುವ ದಾರಿ ಇಲ್ಲವೆಂದಲ್ಲ. ಜಿಎ4 ಅನ್ನು ಗೂಗಲ್‌ನದೇ ಡೇಟಾಬೇಸ್ ಸೇವೆಯಾದ ಬಿಗ್‌ಕ್ವೆರಿಗೆ ಜೋಡಿಸಿದರೆ ದಿನಕ್ಕೆ 10 ಲಕ್ಷ ಘಟನೆಗಳವರೆಗೆ ಅಲ್ಲಿ ಹೋಗಿ ಬೀಳುತ್ತವೆ. ನಿಮಗೆ ಅದು ಧಾರಾಳ. ಆದರೆ ಕಾರ್ಡ್ ವಿವರ ಕೊಡದ ಖಾತೆಯಲ್ಲಿ ಅಲ್ಲಿನ ಕೋಷ್ಟಕಗಳು 60 ದಿನಕ್ಕೆ ಅಳಿಯುತ್ತವೆ. ಓದಲು ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯೂಎಲ್ ಬೇಕು. ಅಷ್ಟು ಕಲಿಯುವ ಆಸಕ್ತಿ ಇದ್ದವರು ಮಟೊಮೊವನ್ನೂ ನಡೆಸಬಲ್ಲರು.

ಗೂಗಲ್ ಬೇಕೇ ಬೇಕು ಎನ್ನುವ ಸಂದರ್ಭಗಳೂ ಇವೆ. ನೀವು ಗೂಗಲ್ ಆ್ಯಡ್ಸ್‌ನಲ್ಲಿ ದುಡ್ಡು ಹಾಕಿ ಗ್ರಾಹಕರನ್ನು ತರುತ್ತಿದ್ದರೆ, ಯಾವ ಜಾಹೀರಾತಿನಿಂದ ಯಾವ ಮಾರಾಟ ಎಂದು ತಿಳಿಯಲು ಅದರಷ್ಟು ಸಲೀಸು ಬೇರೆ ಇಲ್ಲ. ದೊಡ್ಡ ಜಾಹೀರಾತು ಸಂಸ್ಥೆ ಗೂಗಲ್ ವರದಿಯನ್ನೇ ಕೇಳಿದರೆ ಅದೂ ಕಾರಣವೇ. ನೀವು ಬರೆದ ಪತ್ರದಲ್ಲಿ ಇವೆರಡೂ ಇಲ್ಲ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ನಮ್ಮ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳು ಜಾರಿಯಾಗಲು ನಿಯಮ ಹೊರಬಂದಾಗಿನಿಂದ 18 ತಿಂಗಳ ಅವಧಿ ಇದೆ. ಒಪ್ಪಿಗೆ ಕೇಳುವಾಗ ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು ಎಂದು ಕಾಯ್ದೆ ಹೇಳುತ್ತದೆ. ಅಂದರೆ ಕನ್ನಡದಲ್ಲಿ ಕೇಳುವುದು ಓದುಗರ ಹಕ್ಕು. 18 ವರ್ಷದ ಒಳಗಿನವರ ನಡವಳಿಕೆಯ ಮೇಲೆ ಕಣ್ಣಿಡುವುದನ್ನು ಅದು ತಡೆಯುತ್ತದೆ. ಶಾಲೆ, ಮಕ್ಕಳ ಕಥೆಗಳ ಸೈಟ್ ನಡೆಸುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಯುರೋಪಿನಲ್ಲಿ ಆಸ್ಟ್ರಿಯಾ, ಫ್ರಾನ್ಸ್‌ನ ಡೇಟಾ ಪ್ರಾಧಿಕಾರಗಳು 2022ರ ಆರಂಭದ ಹೊತ್ತಿಗೇ ಗೂಗಲ್ ಅನಲಿಟಿಕ್ಸ್ ಬಳಕೆಯ ವಿರುದ್ಧ ತೀರ್ಮಾನ ಕೊಟ್ಟಿದ್ದವು. ಡೇಟಾ ಅಮೆರಿಕಕ್ಕೆ ಹೋಗುತ್ತದೆ ಎನ್ನುವುದು ಅವುಗಳ ಆಕ್ಷೇಪ. 2023ರ ಜುಲೈನಲ್ಲಿ ಯುರೋಪ್ ಮತ್ತು ಅಮೆರಿಕದ ನಡುವೆ ಹೊಸ ಏರ್ಪಾಡು ಬಂದ ಮೇಲೆ ಆ ಬಿಸಿ ತಗ್ಗಿತು. ನಿಮ್ಮಲ್ಲಿ ಓದುಗರ ಹೆಸರು, ಫೋನ್ ನಂಬರ್ ಇಲ್ಲ. ಆದರೂ ಎಷ್ಟು ಕಡಿಮೆ ಸಂಗ್ರಹಿಸುತ್ತೀರೋ ಅಷ್ಟು ನಿರಾಳ.

ಸ್ವಂತ ಸರ್ವರ್‌ನಲ್ಲಿ ಎಣಿಸಿಕೊಳ್ಳುವುದು ವಿಚಿತ್ರ ಹಟವೇನಲ್ಲ. ಕನ್ನಡ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯಾ ಗೂಗಲ್ ಅನಲಿಟಿಕ್ಸ್ ಬಳಸುವುದಿಲ್ಲ. ತನ್ನ ಸರ್ವರ್‌ಗಳ ಲಾಗ್‌ನಿಂದಲೇ ಎಣಿಸಿ, ಮನುಷ್ಯರು, ತಾವೇ ಹೇಳಿಕೊಳ್ಳುವ ಬಾಟ್‌ಗಳು, ವೇಷ ಹಾಕಿದ ಯಂತ್ರಗಳು ಎಂದು ಮೂರು ಪಾಲು ಮಾಡುತ್ತದೆ. ಯಾವ ಕನ್ನಡ ಪುಟವನ್ನು ಯಾವ ದಿನ ಎಷ್ಟು ಸಲ ತೆರೆದರು ಎನ್ನುವುದನ್ನು ಯಾರು ಬೇಕಾದರೂ ನೋಡಬಹುದು. ಅಡಿಕೆಯ ಪುಟವನ್ನು ಒಮ್ಮೆ ನೋಡಿ, ನಿಮ್ಮ ಲೆಕ್ಕದ ಪಕ್ಕ ಇಡಲು ಒಳ್ಳೆಯ ಅಳತೆಗೋಲು ಅದು.

ಸ್ವಂತಕ್ಕೆ ಹಾಕಿಕೊಳ್ಳಬಹುದಾದ ಸಾಧನಗಳಲ್ಲಿ ನಿಮಗೆ ಮಟೊಮೊವನ್ನೇ ಯಾಕೆ ಹೇಳಿದೆ ಎಂದರೆ, ಅದು ಪಿಎಚ್‌ಪಿ ಭಾಷೆ ಮತ್ತು ಮೈಎಸ್‌ಕ್ಯೂಎಲ್ ಡೇಟಾಬೇಸ್ ಮೇಲೆ ಓಡುತ್ತದೆ. ವರ್ಡ್‌ಪ್ರೆಸ್ ಓಡುವ ಶೇರ್ಡ್ ಹೋಸ್ಟಿಂಗ್‌ನಲ್ಲಿ ಇವೆರಡೂ ಇರುತ್ತವೆ. 2007ರಲ್ಲಿ ಪಿವಿಕ್ ಎಂಬ ಹೆಸರಲ್ಲಿ ಶುರುವಾಗಿ 2018ರಲ್ಲಿ ಹೆಸರು ಬದಲಿಸಿಕೊಂಡ ಹಳೆಯ, ಗಟ್ಟಿ ತಂತ್ರಾಂಶ. ಇಂಥದೇ ಬೇರೆ ಸಾಧನಗಳಾದ ಪ್ಲಾಸಿಬಲ್, ಉಮಾಮಿ, ಗೋಟ್‌ಕೌಂಟರ್ ಮೂರೂ ಹಗುರ, ನೋಡಲು ಚೆಂದ. ಪ್ಲಾಸಿಬಲ್‌ನ ಸ್ಕ್ರಿಪ್ಟ್ ಕೆಲವೇ ಕೆಬಿ. ಆದರೆ ಅವನ್ನು ಸ್ವಂತಕ್ಕೆ ನಡೆಸಲು ನಿಮಗೆ ವಿಪಿಎಸ್ ಬೇಕು, ಅಂದರೆ ನೀವೇ ನೋಡಿಕೊಳ್ಳಬೇಕಾದ ಬಾಡಿಗೆ ಸರ್ವರ್. ಪ್ಲಾಸಿಬಲ್‌ಗೆ ಕ್ಲಿಕ್‌ಹೌಸ್ ಎಂಬ ಡೇಟಾಬೇಸ್ ಬೇಕು, 2 ಜಿಬಿ ರ‍್ಯಾಮ್ ಇದ್ದರೆ ಒಳ್ಳೆಯದು. ಉಮಾಮಿಗೆ ನೋಡ್ ಎಂಬ ತಂತ್ರಾಂಶ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್. ಗೋಟ್‌ಕೌಂಟರ್ ಒಂದೇ ಫೈಲ್, ಮೂರರಲ್ಲಿ ಅದೇ ಸುಲಭ. ವಿಪಿಎಸ್ ತಿಂಗಳಿಗೆ 400-500 ರೂಪಾಯಿಗೂ ಸಿಗುತ್ತದೆ. ಆದರೆ ಅದರ ಭದ್ರತೆ, ಅಪ್‌ಡೇಟ್, ಬ್ಯಾಕಪ್ ಎಲ್ಲ ನಿಮ್ಮ ತಲೆಯ ಮೇಲೆ. ಲೆಕ್ಕ ನೋಡುವುದಕ್ಕಾಗಿ ಹೊಸ ಸರ್ವರ್ ಸಾಕುವುದು ಮೂವರ ತಂಡಕ್ಕೆ ದುಬಾರಿ ಕೆಲಸ.

ಮಟೊಮೊ ಹಾಕುವಾಗ ಕೆಲವು ವಿಚಾರಗಳಲ್ಲಿ ಎಚ್ಚರ ಬೇಕು. ನಿಮ್ಮ ವರ್ಡ್‌ಪ್ರೆಸ್‌ಗೆ ಕ್ಯಾಶ್ ಪ್ಲಗಿನ್ ಇದ್ದರೆ ಪುಟ ಕೊಡಲು ಸರ್ವರ್‌ಗೆ ಏನೂ ಶ್ರಮವಿಲ್ಲ, ಸಿದ್ಧ ಫೈಲ್ ಎತ್ತಿ ಕೊಡುತ್ತದೆ. ಆದರೆ ಮಟೊಮೊ ಪ್ರತಿ ವೀಕ್ಷಣೆಗೂ ಪಿಎಚ್‌ಪಿ ಎಬ್ಬಿಸಿ ಡೇಟಾಬೇಸ್‌ಗೆ ಬರೆಯುತ್ತದೆ. ಒಂದು ಲೇಖನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಬ್ಬಿದ ದಿನ ಸೈಟ್‌ಗಿಂತ ಮೊದಲು ಸುಸ್ತಾಗುವುದು ಎಣಿಸುವ ಯಂತ್ರ, ಅದು ಸೈಟನ್ನೂ ಎಳೆದುಕೊಂಡು ಬೀಳಬಹುದು. ಆದ್ದರಿಂದ ಅದಕ್ಕೆ ಬೇರೆ ಡೇಟಾಬೇಸ್ ಕೊಡಿ, ಬೇರೆ ಸಬ್‌ಡೊಮೈನ್‌ನಲ್ಲಿ ಇಡಿ. ವರ್ಡ್‌ಪ್ರೆಸ್ ಒಳಗೇ ಕೂರುವ ಮಟೊಮೊ ಪ್ಲಗಿನ್ ಸಿಗುತ್ತದೆ. ಹಾಕುವುದು ಸುಲಭ, ಆದರೆ ಈ ಕಾರಣಕ್ಕೇ ನಾನು ಅದನ್ನು ಹೇಳುವುದಿಲ್ಲ. ದಿನಕ್ಕೆ ಕೆಲವು ನೂರು ಭೇಟಿ ದಾಟುತ್ತಿದ್ದರೆ ವರದಿ ತಯಾರಿಸುವ ಕೆಲಸವನ್ನು ಕ್ರಾನ್‌ಗೆ (ಗೊತ್ತುಮಾಡಿದ ಹೊತ್ತಿಗೆ ಕೆಲಸ ಓಡಿಸುವ ಸರ್ವರ್ ಸೌಲಭ್ಯ) ಒಪ್ಪಿಸಿ. ಇಲ್ಲವಾದರೆ ನೀವು ವರದಿ ತೆರೆದಾಗಲೆಲ್ಲ ಅದು ಲೆಕ್ಕ ಹಾಕಲು ಕೂರುತ್ತದೆ, ಪರದೆ ತೆರೆಯುವಷ್ಟರಲ್ಲಿ ಸಾಕಾಗುತ್ತದೆ.

ಆಮೇಲೆ ಗೋಪ್ಯತೆಯ ಸೆಟ್ಟಿಂಗ್ಸ್. ಐಪಿ ವಿಳಾಸದ ಕೊನೆಯ ಎರಡು ಭಾಗ ಮುಚ್ಚಿ. ಕುಕಿ ಇಲ್ಲದೆ ಎಣಿಸುವ ಆಯ್ಕೆ ಒತ್ತಿ. ಒಬ್ಬೊಬ್ಬ ಸಂದರ್ಶಕರ ಕಚ್ಚಾ ವಿವರ 180 ದಿನಕ್ಕೆ ಅಳಿಯಲಿ, ತಿಂಗಳ ಮೊತ್ತದ ವರದಿಗಳು ಮಾತ್ರ ಶಾಶ್ವತವಾಗಿ ಉಳಿಯಲಿ. ಇದರಿಂದ ಡೇಟಾಬೇಸ್ ಊದಿಕೊಳ್ಳುವುದೂ ತಪ್ಪುತ್ತದೆ. ಯಾರು ಓದಿದರು ಎಂಬುದು ನಿಮಗೆ ಬೇಡ, ಯಾವ ಲೇಖನ ಯಾವಾಗ ಓದಿಸಿಕೊಂಡಿತು ಎಂಬುದು ಬೇಕು. ಕುಕಿ ಇಲ್ಲದ ಎಣಿಕೆಯಲ್ಲಿ ಇವತ್ತು ಬಂದವರು ನಾಳೆ ಬಂದರೆ ಹೊಸಬರೆಂದು ಲೆಕ್ಕವಾಗುತ್ತಾರೆ. ಪ್ಲಾಸಿಬಲ್‌ನಂಥವುಗಳಲ್ಲೂ ಹೀಗೇ. ಹಾಗಾಗಿ ಒಂದು ಸಾಧನದ ಸಂದರ್ಶಕರ ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಹೋಲಿಸುವುದಾದರೆ ಪುಟ ವೀಕ್ಷಣೆ ಹೋಲಿಸಿ.

ಸ್ವಂತ ಸರ್ವರ್‌ನಲ್ಲಿದ್ದ ಮಾತ್ರಕ್ಕೆ ಮಟೊಮೊ ಎಲ್ಲರನ್ನೂ ಎಣಿಸುವುದಿಲ್ಲ. ಆ್ಯಡ್ ಬ್ಲಾಕರ್‌ಗಳ ಪಟ್ಟಿಯಲ್ಲಿ ಅದರ ಫೈಲ್ ಹೆಸರೂ ಇದೆ. ಹೆಸರು ಬದಲಿಸಿ ಕಣ್ತಪ್ಪಿಸುವ ಉಪಾಯಗಳಿವೆ, ದಯವಿಟ್ಟು ಮಾಡಬೇಡಿ. ನನ್ನನ್ನು ಎಣಿಸಬೇಡಿ ಎಂದು ಓದುಗರು ಹೇಳಿದ್ದಾರೆ, ಅಲ್ವಾ? ಆ ಮಾತಿಗೆ ಬೆಲೆ ಕೊಡೋಣ. ಬಿಟ್ಟುಹೋದವರ ಪ್ರಮಾಣ ವರ್ಷದಿಂದ ವರ್ಷಕ್ಕೆ ದಿಢೀರನೆ ಬದಲಾಗುವುದಿಲ್ಲ, ಹಾಗಾಗಿ ಹೋಲಿಕೆ ಕೆಡುವುದಿಲ್ಲ.

ಅಪ್‌ಡೇಟ್ ವಿಚಾರದಲ್ಲಿ ಮಾತ್ರ ಸಡಿಲ ಬಿಡಬೇಡಿ. ಅಪ್‌ಡೇಟ್ ಮಾಡದೆ ಎರಡು ವರ್ಷ ಬಿಟ್ಟ ಯಾವ ಪಿಎಚ್‌ಪಿ ತಂತ್ರಾಂಶವೂ ಕಳ್ಳರಿಗೆ ತೆರೆದ ಬಾಗಿಲು. ಮಟೊಮೊ ಹೊಸ ಆವೃತ್ತಿ ಬಂದಾಗ ಒಳಗೇ ತಿಳಿಸುತ್ತದೆ. ತಿಂಗಳಿಗೊಮ್ಮೆ ತೆರೆದು ಅಪ್‌ಡೇಟ್ ಒತ್ತುವವರು, ಡೇಟಾಬೇಸ್ ಬ್ಯಾಕಪ್ ತಮ್ಮ ಕಂಪ್ಯೂಟರ್‌ಗೆ ಇಳಿಸಿಕೊಳ್ಳುವವರು ಒಬ್ಬರು ಬೇಕು. ನಾನು ಮೊದಲೇ ಇಟ್ಟ ಷರತ್ತು ಇದೇ. ಎರಡು ಹಂತದ ಲಾಗಿನ್ ಕೂಡ ಹಾಕಿಕೊಳ್ಳಿ.

ಅಂಥವರು ಸಿಗದಿದ್ದರೆ ಗೆಳೆಯ ಹೇಳಿದ ತಲೆನೋವಿನ ಮಾತು ಸರಿಯೇ. ಆಗ ಪ್ಲಾಸಿಬಲ್‌ನ ಪಾವತಿ ಸೇವೆ ನೋಡಿ, ತಿಂಗಳಿಗೆ 9 ಡಾಲರ್‌ನಿಂದ ಶುರು. ಗೋಟ್‌ಕೌಂಟರ್ ಸಣ್ಣ ಸೈಟ್‌ಗಳಿಗೆ ಪುಕ್ಕಟೆ. ಕ್ಲೌಡ್‌ಫ್ಲೇರ್‌ನ ವೆಬ್ ಅನಲಿಟಿಕ್ಸ್ ಕೂಡ ಪುಕ್ಕಟೆ, ಕುಕಿ ಇಲ್ಲ. ಯಾವುದಕ್ಕೇ ಸೇರುವ ಮೊದಲು ಲೆಕ್ಕವನ್ನು ಪೂರ್ತಿಯಾಗಿ ಫೈಲ್ ಮಾಡಿ ಇಳಿಸಿಕೊಳ್ಳಬಹುದೇ ಎಂದು ಪರೀಕ್ಷಿಸಿ. ಇಳಿಸಿಕೊಳ್ಳಲು ಆಗದ ಸೇವೆ ಎಷ್ಟೇ ಚೆಂದವಿದ್ದರೂ ಬೇಡ.

ಯಾವುದನ್ನು ಆರಿಸಿದರೂ ಗೂಗಲ್ ಸರ್ಚ್ ಕನ್ಸೋಲ್ ಇರಲಿ. ಅದಕ್ಕೆ ಓದುಗರ ಫೋನಿನಲ್ಲಿ ಯಾವ ಸ್ಕ್ರಿಪ್ಟೂ ಓಡಬೇಕಿಲ್ಲ. ಜನ ಏನೆಂದು ಹುಡುಕಿ ನಿಮ್ಮ ಬಳಿ ಬಂದರು ಎನ್ನುವುದು ಅಲ್ಲಿ ಸಿಗುತ್ತದೆ. ಅಡಿಕೆ ಬೆಲೆಯನ್ನು ಕನ್ನಡ ಲಿಪಿಯಲ್ಲಿ ಹುಡುಕುವವರು, ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕುವವರು ಇಬ್ಬರೂ ಇರುತ್ತಾರೆ. ಎರಡನೆಯವರು ನಿಮ್ಮನ್ನು ತಲುಪುತ್ತಿದ್ದಾರೋ ಇಲ್ಲವೋ ಎಂದು ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿ 16 ತಿಂಗಳ ಲೆಕ್ಕ ಮಾತ್ರ ಇರುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ಇಳಿಸಿಕೊಳ್ಳಿ.

ಎರಡು ವರದಿಗಳನ್ನು ಮಾತ್ರ ಪೂರ್ತಿ ನಂಬಬೇಡಿ. ಒಂದು, ಊರಿನ ವರದಿ. ಮೊಬೈಲ್ ಐಪಿ ನೋಡಿ ಊರು ಹೇಳುವುದು ಬರಿ ಅಂದಾಜು. ತೀರ್ಥಹಳ್ಳಿಯ ಓದುಗರು ಬೆಂಗಳೂರು, ಚೆನ್ನೈ ಎಂದು ಕಾಣಬಹುದು. ಇನ್ನೊಂದು, ಎಲ್ಲಿಂದ ಬಂದರು ಎನ್ನುವ ವರದಿಯಲ್ಲಿ ನೇರ ಭೇಟಿ ಎಂಬ ಸಾಲು. ವಾಟ್ಸ್‌ಆ್ಯಪ್‌ನಿಂದ ಬಂದವರು ಹೆಚ್ಚಾಗಿ ಅಲ್ಲೇ ಸೇರಿರುತ್ತಾರೆ, ಯಾಕೆಂದರೆ ಆ ಆ್ಯಪ್ ತನ್ನ ಗುರುತು ಕಳಿಸುವುದಿಲ್ಲ. ನೀವು ಗುಂಪುಗಳಿಗೆ ಕೊಂಡಿ ಹಾಕುವಾಗ ಅದರ ಕೊನೆಗೆ ಯುಟಿಎಂ ಗುರುತು (ಎಲ್ಲಿಂದ ಬಂದರೆಂದು ಹೇಳುವ ಪದ) ಸೇರಿಸಿ. ಮಟೊಮೊ, ಪ್ಲಾಸಿಬಲ್ ಎರಡೂ ಅದನ್ನು ಓದುತ್ತವೆ.

ಗೂಗಲ್ ಸ್ಕ್ರಿಪ್ಟನ್ನು ಇವತ್ತೇ ತೆಗೆಯಬೇಕಿಲ್ಲ. ಎರಡು ಮೂರು ತಿಂಗಳು ಎರಡೂ ಜೊತೆಗೆ ಓಡಲಿ. ಸಂಖ್ಯೆಗಳು ಹೊಂದುವುದಿಲ್ಲ, ಹೊಂದಬೇಕೆಂದೂ ಇಲ್ಲ. ಲೇಖನಗಳ ಏರಿಳಿತ ಎರಡರಲ್ಲೂ ಒಂದೇ ದಿಕ್ಕಿನಲ್ಲಿದೆಯೇ ನೋಡಿ. ಇದ್ದರೆ ಗೂಗಲನ್ನು ಕಳಚಿ, ಪುಟ 100 ಕೆಬಿ ಹಗುರವಾಗುತ್ತದೆ.

ಕೊನೆಗೆ, ನಿಮ್ಮ ಪತ್ರ ಓದುವಾಗ ನನಗೆ ಹೊಳೆದ ಒಂದು ಮುಖ್ಯ ವಿಚಾರ. ನಿಮ್ಮ ಹಳೆಯ ಲೆಕ್ಕ ಪೂರ್ತಿ ಹೋಗಿರಲಿಕ್ಕಿಲ್ಲ. ಎಡಬ್ಲ್ಯೂಸ್ಟಾಟ್ಸ್ ತಿಂಗಳಿಗೊಂದರಂತೆ ಪಠ್ಯದ ಫೈಲ್ ಬರೆದಿಡುತ್ತದೆ. ಸಿಪ್ಯಾನೆಲ್ ಇರುವಲ್ಲಿ ಅವು ಸಾಮಾನ್ಯವಾಗಿ ನಿಮ್ಮ ಖಾತೆಯ ತಾತ್ಕಾಲಿಕ ಫೈಲ್‌ಗಳ ಫೋಲ್ಡರ್ ಒಳಗೆ, ಎಡಬ್ಲ್ಯೂಸ್ಟಾಟ್ಸ್ ಹೆಸರಿನ ಫೋಲ್ಡರ್‌ನಲ್ಲಿರುತ್ತವೆ. ನಡುವೆ ಹೋಸ್ಟಿಂಗ್ ಬದಲಿಸಿರದಿದ್ದರೆ 2016ರಿಂದ ಇಲ್ಲಿಯವರೆಗಿನ ತಿಂಗಳುಗಳು ಅಲ್ಲಿ ಸಿಗಬಹುದು. ಅದರಲ್ಲಿ ಬಾಟ್‌ಗಳು ಸೇರಿರುತ್ತವೆ, ಹಾಗಾಗಿ ಒಟ್ಟು ಸಂಖ್ಯೆಗೆ ಬೆಲೆ ಕಡಿಮೆ. ಆದರೆ ಯಾವ ತಿಂಗಳು ಯಾವ ಪುಟ ಏರಿತು, ಯಾವುದು ಇಳಿಯಿತು ಎನ್ನುವ ಆಕಾರ ಅದರಲ್ಲಿ ಉಳಿದಿರುತ್ತದೆ. ಕೊಳೆರೋಗದ ಪುಟ ಪ್ರತಿ ವರ್ಷ ಯಾವ ತಿಂಗಳಲ್ಲಿ ಏರತೊಡಗುತ್ತದೆ ಎಂದು ಹುಡುಕಿ. ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮಳೆಗಾಲ ಹಿಡಿಯುವ ಮೊದಲೇ ಆಗಬೇಕು. ಓದುಗರು ಜುಲೈನಲ್ಲಿ ಆ ಪುಟ ಹುಡುಕಿ ಬರುತ್ತಿದ್ದರೆ ಮೊದಲ ಸಿಂಪಡಣೆಯ ಹೊತ್ತಿಗೆ ನೀವು ಅವರನ್ನು ತಲುಪಿಲ್ಲ ಎಂದರ್ಥ. ಆ ಲೇಖನವನ್ನು ಮೇ ಎರಡನೇ ವಾರದಲ್ಲೇ ಮತ್ತೆ ಮುಂದೆ ತಂದು ಗುಂಪುಗಳಿಗೆ ಕಳಿಸಬೇಕು.

ಆ ಫೋಲ್ಡರನ್ನು ಇವತ್ತೇ ಇಳಿಸಿಕೊಳ್ಳಿ. ಜೊತೆಗೆ ಸಿಪ್ಯಾನೆಲ್‌ನ ರಾ ಆ್ಯಕ್ಸೆಸ್‌ಗೆ ಹೋಗಿ ಲಾಗ್‌ಗಳನ್ನು ಸಂಗ್ರಹಿಸಿಡುವ ಆಯ್ಕೆಗೆ ಗುರುತು ಹಾಕಿ. ಮಟೊಮೊಗೆ ಹಳೆಯ ಲಾಗ್ ಓದಿಸುವ ಪೈಥಾನ್ ಸ್ಕ್ರಿಪ್ಟ್ ಅದರ ಜೊತೆಗೇ ಬರುತ್ತದೆ. ಹೊಸ ಲೆಕ್ಕ ಮಟೊಮೊ ಹಾಕಿದ ದಿನದಿಂದ ಶುರುವಾಗಬೇಕಿಲ್ಲ, ಲಾಗ್ ಉಳಿದಿರುವ ದಿನದಿಂದಲೇ ಶುರುವಾಗಬಹುದು. ಹೋಸ್ಟಿಂಗ್ ಬದಲಿಸುವ ಯೋಚನೆ ಏನಾದರೂ ಇದ್ದರೆ, ಇದೆಲ್ಲ ಮುಗಿಯುವವರೆಗೆ ತಡೆಯಿರಿ.